ಪಡುಗಡಲ ಮುಂದೆ ಈಸೆಲ್ ಹೂಡುವ ಮುನ್ನ

ಬೆಂಗಳೂರಿನ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮನೆ ಮಾಡಿಕೊಂಡು, ಕಡಲ ದಡದಲ್ಲೇ ಕೂತು ತೈಲವರ್ಣದಲ್ಲಿ ಚಿತ್ರ ಬರೆಯುವ ಆಸೆ ಇಟ್ಟುಕೊಂಡವರಿಗೆ ಮೊದಲ ತೊಡಕು ದೂರ. ಮಂಗಳೂರು ಇಲ್ಲಿಂದ ಸುಮಾರು 350 ಕಿ.ಮೀ., ಕಾರವಾರಕ್ಕೆ 500 ಕಿ.ಮೀ. ದಾಟುತ್ತದೆ. ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗಬೇಕಾದವರು ಅಲೆಗಳ ಮುಂದೆ ಹೆಚ್ಚೆಂದರೆ ಮೂರು ಸಲ ಕೂರಬಹುದು. ಬಣ್ಣ ಬೆರೆಸುವುದನ್ನೂ ಅಲ್ಲೇ ಹೋಗಿ ಕಲಿಯುತ್ತೇನೆಂದರೆ ಆ ಮೂರೂ ಸಲ ಕೈಬಿಟ್ಟುಹೋಗುತ್ತವೆ. ಕಡಲಿನ ಚಿತ್ರಕ್ಕೆ ಬೇಕಾದ ವಿದ್ಯೆಯಲ್ಲಿ ದೊಡ್ಡ ಪಾಲನ್ನು ನಮ್ಮ ತಾರಸಿಯ ಮೇಲೆ, ನಮ್ಮ ಕೆರೆ ಏರಿಯ ಮೇಲೆ ಕಲಿಯಬಹುದು. ಅಲೆಯೊಂದನ್ನು ಮಾತ್ರ ಕಡಲಿಗೆ ಉಳಿಸಿಕೊಂಡರೆ ಸಾಕು. ಈ ಲೇಖನದ ಸಲಹೆಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಮೊದಲ ಪಾಠ ರಾಜಾಜಿನಗರದಲ್ಲಿ

ಹೊರಗೆ ಕೂತು ಚಿತ್ರ ಬರೆಯುವುದು ಅಂದರೇನು ಎಂದು ತಿಳಿಯಲು ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ಗೆ ಒಮ್ಮೆ ಹೋಗಿಬನ್ನಿ. ಮುಂಚೆ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910–1988) ಎ.ಎನ್. ಸುಬ್ಬರಾಯರ ಕಲಾಮಂದಿರದಲ್ಲಿ ಕಲಿತು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, 'ತಾಯಿನಾಡು' ಪತ್ರಿಕೆಯಲ್ಲಿ ದುಡಿದು, ಐವತ್ತರ ಆಸುಪಾಸಿನಲ್ಲಿ ಮತ್ತೆ ಬ್ರಷ್ ಹಿಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಆಯಾ ಜಾಗದಲ್ಲೇ ನಿಂತು ಬರೆದರು. ಅವರು ಒಂದೊಂದೇ ಹೂವನ್ನು ಬಿಡಿಸುವುದಿಲ್ಲ. ಬಣ್ಣದ ತುಂಡು ಗೆರೆಗಳನ್ನು ಪಕ್ಕಪಕ್ಕ ಇಟ್ಟು, ತಿಕ್ಕದೆ ಬಿಟ್ಟುಬಿಡುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದರೆ ಮರ ಕಾಣುತ್ತದೆ. ನೊರೆ ಬರೆಯುವಾಗ ಬೇಕಾಗುವುದು ಈ ಸಂಯಮವೇ.

ಬಯಲಿನಲ್ಲಿ ತೈಲವರ್ಣ ಸುಲಭವಾದದ್ದು ಅಮೆರಿಕದ ಕಲಾವಿದ ಜಾನ್ ಗಾಫ್ ರ್‍ಯಾಂಡ್ 1841ರಲ್ಲಿ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ. ಅದಕ್ಕೂ ಮೊದಲೇ, 1820ರ ದಶಕದಲ್ಲಿ, ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ ಬ್ರೈಟನ್ ಕಡಲತೀರದಲ್ಲಿ ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳವನ್ನೇ ಈಸೆಲ್ ಮಾಡಿಕೊಂಡು ಪುಟ್ಟ ಪುಟ್ಟ ತೈಲಚಿತ್ರ ಬರೆದಿದ್ದರು. ಚಿತ್ರ ಚಿಕ್ಕದಿರಲಿ ಎಂಬುದು ಆ ಕಾಲದಿಂದಲೂ ಹೊರಾಂಗಣದ ನಿಯಮ.

ಹಲಗೆ, ಬಣ್ಣ, ಬ್ರಷ್

ಕಡಲತೀರದ ಗಾಳಿಗೆ ದೊಡ್ಡ ಕ್ಯಾನ್ವಾಸ್ ಹಾಯಿಯ ಹಾಗೆ ಉಬ್ಬುತ್ತದೆ. 8×10 ಇಂಚಿನ, 3 ಮಿ.ಮೀ. ದಪ್ಪದ ಎಂಡಿಎಫ್ ಅಥವಾ ಹಾರ್ಡ್‌ಬೋರ್ಡ್ ಹಲಗೆಗಳೇ ಸರಿ. ಯಾವುದಾದರೂ ಪ್ಲೈವುಡ್ ಅಂಗಡಿಯಲ್ಲಿ ಒಂದು ಹಾಳೆ ಕೊಂಡು ಅಳತೆ ಹೇಳಿ ಕತ್ತರಿಸಿಕೊಳ್ಳಿ. ಎರಡೂ ಬದಿಗೆ ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ತಳಲೇಪ) ಬಳಿಯಿರಿ. ಒಂದೇ ಬದಿಗೆ ಬಳಿದರೆ ಹಲಗೆ ಸೊಟ್ಟಗಾಗುತ್ತದೆ. ಮುಂಬದಿಗೆ ಮೂರು ಕೋಟ್ ಕೊಟ್ಟು, ನಡುನಡುವೆ 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಉಜ್ಜಿ. ಕೊನೆಗೆ ನೀರು ಬೆರೆಸಿದ ಅಕ್ರಿಲಿಕ್ ಬರ್ನ್ಟ್ ಸಿಯೆನ್ನಾದ ತೆಳುವಾದ ಒಂದು ಕೈ ಹಾಯಿಸಿ. ಬಿಸಿಲಿನಲ್ಲಿ ಬಿಳಿ ಹಲಗೆ ಕಣ್ಣು ಕುಕ್ಕುತ್ತದೆ, ಕಂದು ಹಲಗೆ ಕುಕ್ಕುವುದಿಲ್ಲ. ಮೇಲಿನ ಹಸಿರು-ನೀಲಿಯ ಸಂದಿನಲ್ಲಿ ಇಣುಕುವ ಆ ಕಂದು ಚಿತ್ರಕ್ಕೆ ಬೆಚ್ಚನೆಯ ಮೈಯನ್ನೂ ಕೊಡುತ್ತದೆ.

ಬಣ್ಣ ಆರೇ ಇರಲಿ: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ವಿರಿಡಿಯನ್, ಯೆಲ್ಲೊ ಓಕರ್, ಲೆಮನ್ ಯೆಲ್ಲೊ, ಬರ್ನ್ಟ್ ಸಿಯೆನ್ನಾ. ಬಿಳಿಯ ಟ್ಯೂಬು ಉಳಿದವಕ್ಕಿಂತ ದೊಡ್ಡದಿರಲಿ. ಕಡಲಿನ ಚಿತ್ರದಲ್ಲಿ ಮೊದಲು ಖಾಲಿಯಾಗುವುದು ಅದೇ. ಕಪ್ಪು ಬೇಡ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಒದ್ದೆ ಬಂಡೆಯ ಕಪ್ಪು ಸಿಗುತ್ತದೆ, ಅದಕ್ಕೇ ಬಿಳಿ ಸೇರಿಸುತ್ತ ಹೋದರೆ ಮೋಡದ ಬೂದುಬಣ್ಣಗಳೆಲ್ಲ ಸಿಗುತ್ತವೆ. ಬ್ರಷ್‌ಗಳಲ್ಲಿ ಬಿರುಸುಕೂದಲಿನ ಚಪ್ಪಟೆ ಬ್ರಷ್ ಮೂರು (ಒಂದು ಅಗಲ, ಎರಡು ಮಧ್ಯಮ), ಗೆರೆಗೆ ಒಂದು ಸಣ್ಣದು, ಜೊತೆಗೊಂದು ಪ್ಯಾಲೆಟ್ ನೈಫ್. ಕ್ಯಾಮೆರಾ ಟ್ರೈಪಾಡಿನ ಮೇಲೆ ಕೂರಿಸಬಹುದಾದ ಮಡಚುವ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ತೊಡೆಯೇ ಸಾಕು.

ಟರ್ಪೆಂಟೈನ್ ರೈಲು ಹತ್ತುವಂತಿಲ್ಲ

ಬೆಂಗಳೂರಿನ ಕೆಎಸ್‌ಆರ್ ನಿಲ್ದಾಣದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಾಗುವುದರೊಳಗೆ ಕರಾವಳಿ ಮುಟ್ಟಿ ಉಡುಪಿ, ಕುಂದಾಪುರ, ಬೈಂದೂರಿನ ಮೇಲೆ ಹಾದು ಕಾರವಾರ ತಲಪುತ್ತದೆ. ಚಿತ್ರಕಾರರಿಗೆ ಇದಕ್ಕಿಂತ ಅನುಕೂಲದ ಗಾಡಿ ಇಲ್ಲ. ಆದರೆ ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆಯಂಥ ಹೊತ್ತಿಕೊಳ್ಳುವ ದ್ರವವನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯಡಿ ಶಿಕ್ಷಾರ್ಹ. ಸೀಸೆ ಚಿಕ್ಕದಿದ್ದರೂ ಬೇಡ. ಬಸ್ಸಿನಲ್ಲೂ ಅದು ಜಾಣತನವಲ್ಲ.

ಟರ್ಪೆಂಟೈನ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಮೊದಲ ಪದರವನ್ನು ತೆಳು ಮಾಡಲು ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ಹಚ್ಚಿ. ಮುಂದಿನ ಪದರಗಳಿಗೆ ಬೇಕಾದರೆ ಒಂದೆರಡು ಹನಿ ಲಿನ್ಸೀಡ್ ಎಣ್ಣೆ ಬಳಸಿ. ತಳದ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುಗುಮುರುಗಾದರೆ ಮುಂದೊಂದು ದಿನ ಮೇಲ್ಪದರ ಬಿರಿಯುತ್ತದೆ. ಬಣ್ಣ ಬದಲಿಸುವಾಗ ಹಳೆಯ ಬನಿಯನ್ ಬಟ್ಟೆಯಲ್ಲಿ ಬ್ರಷ್ ಒರೆಸಿಕೊಂಡರೆ ಸಾಕು. ದಿನದ ಕೊನೆಗೆ ಅಡುಗೆ ಎಣ್ಣೆಯಲ್ಲಿ ಅದ್ದಿ ಒರೆಸಿ, ರೂಮಿಗೆ ಬಂದು ಬಾರ್ ಸೋಪನ್ನು ಅಂಗೈಗೆ ಹಚ್ಚಿಕೊಂಡು, ನೊರೆಯಲ್ಲಿ ಬಣ್ಣ ಕಾಣದಾಗುವವರೆಗೆ ತೊಳೆಯಿರಿ.

ಒರೆಸಿದ ಬಟ್ಟೆಯ ಬಗ್ಗೆ ಎಚ್ಚರವಿರಲಿ. ತೈಲವರ್ಣ ಒಣಗುವುದು ನೀರಿನ ಹಾಗೆ ಆವಿಯಾಗಿ ಅಲ್ಲ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಲಾಡ್ಜಿನ ಕಸದ ಬುಟ್ಟಿಗೆ ಹಾಕಿದರೆ ಆ ಶಾಖ ಒಳಗೇ ಕೂಡಿಕೊಂಡು ತನ್ನಷ್ಟಕ್ಕೆ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಡಬ್ಬದಲ್ಲಿ ಮುಚ್ಚಿಡಿ.

ತಾರಸಿಯಲ್ಲಿ ಆಕಾಶ, ಕೆರೆಯಲ್ಲಿ ನೀರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಹುಚ್ಚೆದ್ದಿರುತ್ತದೆ; ಆಗ ಬಣ್ಣದ ಪೆಟ್ಟಿಗೆ ಹಿಡಿದು ದಡಕ್ಕೆ ಹೋಗುವುದು ಬೇಡ. ಅದೇ ತಿಂಗಳುಗಳಲ್ಲಿ ಆ ಕಡಲ ಮೇಲಿಂದಲೇ ಹೊರಟ ಮುಂಗಾರಿನ ಮೋಡ ಬಸವೇಶ್ವರನಗರದ ತಾರಸಿಗಳ ಮೇಲೆ ಪಡುವಣದಿಂದ ಮೂಡಣಕ್ಕೆ ಸಾಗುತ್ತಿರುತ್ತದೆ. ಸಂಜೆ ಐದರ ಮೇಲೆ ತಾರಸಿ ಹತ್ತಿ, ಒಂದು ಅಂಗೈಯಗಲದ ಹಲಗೆ ಹಿಡಿದು, ಇಪ್ಪತ್ತೇ ನಿಮಿಷದಲ್ಲಿ ಒಂದು ಆಕಾಶ ಮುಗಿಸಿ. ಮೋಡದ ಅಂಚನ್ನು ಬಿಟ್ಟು ಅದರ ಹೊಟ್ಟೆಯ ನೆರಳನ್ನು ಮೊದಲು ಹಿಡಿಯಿರಿ. ನೆತ್ತಿಯ ನೀಲಿ ಗಾಢ, ಅಂಚಿಗೆ ಇಳಿದಂತೆ ತಿಳಿ, ಕೊನೆಗೆ ತುಸು ಹಳದಿ-ಗುಲಾಬಿ. ಕಡಲಿನ ಬಣ್ಣದ ಬಹುಪಾಲು ಈ ಆಕಾಶದ್ದೇ ಪ್ರತಿಫಲನ. ಮಳೆಗಾಲ ಮುಗಿಯುವುದರೊಳಗೆ ಇದು ಕೈಗೆ ಕೂತರೆ ಚಿತ್ರದ ಮೇಲರ್ಧ ಕಲಿತಂತೆ.

ಕೆಳಗಿನರ್ಧಕ್ಕೆ ಮಲ್ಲತ್ತಹಳ್ಳಿ ಕೆರೆ, ಉಲ್ಲಾಳ ಕೆರೆ, ಕೆಂಗೇರಿ ಕೆರೆಗಳಿವೆ. ಬೆಳಗಿನ ಹೊತ್ತು ಏರಿಯ ಮೇಲೆ ಕೂತು ಮೂರು ಸಂಗತಿ ಗಮನಿಸಿ:

• ಕಪ್ಪು ಮರದ ಬಿಂಬ ನೀರಿನಲ್ಲಿ ಮರಕ್ಕಿಂತ ತಿಳಿಯಾಗಿರುತ್ತದೆ. ಬಿಳಿ ಕಟ್ಟಡದ ಬಿಂಬ ಕಟ್ಟಡಕ್ಕಿಂತ ಮಬ್ಬಾಗಿರುತ್ತದೆ.
• ನಿಮ್ಮ ಕಾಲ ಬುಡದ ನೀರಿನಲ್ಲಿ ತಳ ಕಾಣುತ್ತದೆ, ದೂರದ ನೀರಿನಲ್ಲಿ ಆಕಾಶ ಮಾತ್ರ. ಒಂದೇ ನೀರಿಗೆ ಎರಡು ಬಣ್ಣ.
• ಕಿರುತೆರೆಯ ಒಂದು ಮೈ ಆಕಾಶದ ಬಣ್ಣ, ಇನ್ನೊಂದು ಮೈ ಎದುರು ದಡದ ಬಣ್ಣ. ದೂರ ಹೋದಂತೆ ಈ ಗೆರೆಗಳು ಒತ್ತೊತ್ತಾಗಿ ಕೊನೆಗೆ ಒಂದೇ ಪಟ್ಟಿಯಾಗುತ್ತವೆ.

ಕಡಲು ಇವನ್ನೇ ದೊಡ್ಡದು ಮಾಡಿ, ಕುಲುಕಿ ತೋರಿಸುತ್ತದೆ.

ಎಲ್ಲಿಗೆ ಹೋಗುವುದು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಕಾಶ ತಿಳಿ, ಅಲೆ ಸಾಧು, ಬೆಳಗಿನ ಬಿಸಿಲು ಸಹ್ಯ.

ಉಳ್ಳಾಲದ ಸೋಮೇಶ್ವರದಲ್ಲಿ ದೇವಸ್ಥಾನದ ಬುಡದಲ್ಲೇ ಬಂಡೆಗಳಿಗೆ ಅಲೆ ಬಡಿಯುತ್ತದೆ; ಬಂಡೆ-ನೊರೆಯ ಅಭ್ಯಾಸಕ್ಕೆ ಹೇಳಿಮಾಡಿಸಿದ ಜಾಗ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ. ಅಡ್ಡಡ್ಡ ಪಟ್ಟಿಗಳ ಕಡಲಿಗೆ ನೆಟ್ಟನೆಯ ಒಂದು ಗೆರೆ ಅದಾಗಿಯೇ ಸಿಗುತ್ತದೆ. ಮಲ್ಪೆ ಬಂದರಿನಲ್ಲಿ ದೋಣಿಗಳು, ಅಲ್ಲಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಮರಳು, ನೀರು, ಆಕಾಶ ಬಿಟ್ಟು ಬೇರೇನೂ ಬೇಡವೆನ್ನುವವರಿಗೆ ಮರವಂತೆ. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಕಡಲನ್ನು ಮೇಲಿನಿಂದ ನೋಡಬಹುದು. ಕಾರವಾರದಲ್ಲಿ ಗುಡ್ಡಗಳು ಕಡಲಿಗೆ ಇಳಿದುಬರುತ್ತವೆ, ಕೊಲ್ಲಿಯಾಚೆ ದ್ವೀಪಗಳಿವೆ. ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದರು. ಕಾರವಾರದಲ್ಲಿ ನೌಕಾನೆಲೆಯ ಕಡೆ ಮುಖ ಮಾಡಿ ಈಸೆಲ್ ಹೂಡಬೇಡಿ.

ಕ್ಯಾಲೆಂಡರಿನ ಚಿತ್ರದ ನೀಲಿಯನ್ನು ಮನೆಯಲ್ಲೇ ಬಿಟ್ಟುಹೋಗಿ. ನಮ್ಮ ದಡದ ನೀರು ಬಹುಪಾಲು ಬೂದು-ಹಸಿರು. ನೇತ್ರಾವತಿ, ಶರಾವತಿ, ಕಾಳಿಯಂಥ ಹೊಳೆಗಳ ಅಳಿವೆಯ ಬಳಿ ಅದಕ್ಕೆ ಮಣ್ಣಿನ ಬಣ್ಣ ಸೇರುತ್ತದೆ. ಬಂಡೆಯ ಕಪ್ಪು, ಮುರಕಲ್ಲಿನ ಕೆಂಪು ಪಕ್ಕದಲ್ಲಿದ್ದರೆ ಆ ಬೂದು-ಹಸಿರೇ ನೀಲಿಯಾಗಿ ತೋರುತ್ತದೆ.

ಬೆಳಕು ಎತ್ತಣಿಂದ

ನಮ್ಮ ಕರಾವಳಿಯೆಲ್ಲ ಪಡುವಣಕ್ಕೆ ಮುಖ ಮಾಡಿದೆ. ಮುಂಜಾನೆ ಕಡಲಿಗೆ ಎದುರಾಗಿ ಕೂತರೆ ಸೂರ್ಯ ಬೆನ್ನ ಹಿಂದೆ, ಅಂದರೆ ಬಿಸಿಲು ನೇರ ಹಲಗೆಯ ಮೇಲೆ. ಬಿಸಿಲು ಬಿದ್ದ ಹಲಗೆಯಲ್ಲಿ ಪ್ರತಿ ಬಣ್ಣವೂ ಇದ್ದುದಕ್ಕಿಂತ ತಿಳಿಯಾಗಿ ಕಾಣುವುದರಿಂದ ಕೈ ತಾನಾಗಿ ಗಾಢ ಮಾಡುತ್ತ ಹೋಗುತ್ತದೆ. ಮನೆಗೆ ತಂದು ಟ್ಯೂಬ್‌ಲೈಟಿನಲ್ಲಿ ನೋಡಿದರೆ ಚಿತ್ರ ಮಸಿ ಬಳಿದಂತಿರುತ್ತದೆ. ಹಾಗಾಗಿ ಬೆಳಿಗ್ಗೆ ಅಡ್ಡ ತಿರುಗಿ ಕೂತು ದಡದುದ್ದಕ್ಕೆ ಬಡಗಣ ಅಥವಾ ತೆಂಕಣ ದಿಕ್ಕಿಗೆ ನೋಡಿ. ಅಲೆಗಳು ಪಕ್ಕದಿಂದ ಕಾಣುತ್ತವೆ, ಹಲಗೆಯನ್ನು ಅದರದೇ ನೆರಳಿನಲ್ಲಿಡಲು ತುಸು ಓರೆ ಮಾಡಿದರೆ ಸಾಕು.

ಸಂಜೆ ಇದು ತಲೆಕೆಳಗು. ಹಲಗೆ ನೆರಳಲ್ಲಿರುತ್ತದೆ, ಕಣ್ಣಿಗೆ ಬಿಸಿಲು ಚುಚ್ಚುತ್ತದೆ. ಆದರೆ ಅಲೆಯ ಬೆನ್ನಿನಿಂದ ಬೆಳಕು ತೂರಿಬರುವ ಹೊತ್ತೂ ಅದೇ. ಅಗಲ ಅಂಚಿನ ಟೋಪಿ ಹಾಕಿ, ತಂಪು ಕನ್ನಡಕ ತೆಗೆದಿಡಿ. ಕನ್ನಡಕದ ಬಣ್ಣ ಚಿತ್ರಕ್ಕೂ ಬರುತ್ತದೆ. ಬಿಳಿ ಅಂಗಿಯ ಪ್ರತಿಫಲನ ಒದ್ದೆ ಬಣ್ಣದ ಮೇಲೆ ಬೀಳುತ್ತದೆ, ಮಬ್ಬು ಬಣ್ಣದ ಅಂಗಿ ಇರಲಿ. ಬಣ್ಣಬಣ್ಣದ ಛತ್ರಿಯಂತೂ ಬೇಡವೇ ಬೇಡ.

ಬಾನಂಚಿನ ಗೆರೆ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ಸಮತಟ್ಟಾದ ಮರಳಿನಲ್ಲಿ ನಿಂತು ಬರೆದರೆ ನಿಂತವರೆಲ್ಲರ ತಲೆಯೂ ಹೆಚ್ಚುಕಮ್ಮಿ ಆ ಗೆರೆಯಲ್ಲೇ ಸಾಲಾಗುತ್ತದೆ, ದೂರದವರದೂ ಹತ್ತಿರದವರದೂ. ಕೂತು ಬರೆದರೆ ಅವರು ಗೆರೆಯನ್ನು ದಾಟಿ ಆಕಾಶಕ್ಕೆ ಏರುತ್ತಾರೆ. ನಿಂತಾಗ ಬಾನಂಚು ಸುಮಾರು 4.5 ಕಿ.ಮೀ. ದೂರ, 30 ಮೀಟರ್ ಎತ್ತರದ ಗುಡ್ಡದಿಂದ ಸುಮಾರು 20 ಕಿ.ಮೀ. ಒತ್ತಿನೆಣೆಯಂಥ ಕಡೆ ಕಡಲು ಹಲಗೆಯನ್ನೆಲ್ಲ ತುಂಬುವುದು ಇದಕ್ಕೇ. ಗೆರೆ ಎಳೆಯುವಾಗ ಸ್ಕೇಲ್ ಇಡಿ. ಕೂದಲೆಳೆಯಷ್ಟು ಓರೆಯಾದರೂ ಕಡಲು ಒಂದು ಬದಿಗೆ ಚೆಲ್ಲುತ್ತದೆ.

ಒಂದು ಅಲೆ, ಹತ್ತಿರದಿಂದ

ಕೂತ ಮೊದಲ ಹತ್ತು ನಿಮಿಷ ಬ್ರಷ್ ಮುಟ್ಟಬೇಡಿ. ಅಲೆಗಳು ಗುಂಪಾಗಿ ಬರುತ್ತವೆ: ಕೆಲವು ದೊಡ್ಡವು, ಆಮೇಲೆ ಒಂದಿಷ್ಟು ಹೊತ್ತು ಸಣ್ಣವು. ನೀರಿನ ಆಳ ಅಲೆಯ ಎತ್ತರದ ಹತ್ತಿರಕ್ಕೆ ಇಳಿದ ಕಡೆ ಅಲೆ ಮುರಿಯುತ್ತದೆ. ನೆಲ ತಾಗಿ ಬುಡ ನಿಧಾನವಾಗುತ್ತದೆ, ನೆತ್ತಿ ಮುಂದೆ ಹೋಗಿ ಬಾಗುತ್ತದೆ. ತಳ ಬದಲಾಗದ ಕಾರಣ ಹೆಚ್ಚಿನ ಅಲೆಗಳು ಅದೇ ಜಾಗದಲ್ಲಿ ಅದೇ ರೀತಿ ಮುರಿಯುತ್ತವೆ. ನೀವು ಬರೆಯುವುದು ಯಾವುದೋ ಒಂದು ಅಲೆಯನ್ನಲ್ಲ, ಆ ಜಾಗದ ಅಲೆಗಳ ಜಾಯಮಾನವನ್ನು. ಫೋನಿನ ಸ್ಲೋ ಮೋಷನ್‌ನಲ್ಲಿ ಒಂದು ವಿಡಿಯೊ ತೆಗೆದು ನೋಡಿದರೆ ಕಣ್ಣು ಬೇಗ ಪಳಗುತ್ತದೆ.

ಬಾಗಿದ ಅಲೆಯನ್ನು ಮೇಲಿನಿಂದ ಕೆಳಕ್ಕೆ ಓದಿ. ನೆತ್ತಿಯಲ್ಲಿ ನೀರು ತೆಳು, ಬೆಳಕು ತೂರಿ ಎಳೆಹಸಿರು ಹೊಮ್ಮುತ್ತದೆ: ವಿರಿಡಿಯನ್, ಚಿಟಿಕೆ ಲೆಮನ್ ಯೆಲ್ಲೊ, ಬಿಳಿ. ಹೊಟ್ಟೆಯಲ್ಲಿ ನೀರು ದಪ್ಪ, ಬಣ್ಣ ಗಾಢ: ವಿರಿಡಿಯನ್ ಜೊತೆ ಅಲ್ಟ್ರಾಮರೀನ್. ಬುಡದಲ್ಲಿ ಅಲೆ ಮರಳನ್ನು ಎಬ್ಬಿಸಿರುತ್ತದೆ: ಅದೇ ಮಿಶ್ರಣಕ್ಕೆ ಓಕರ್. ಬಾಗಿದ ನೆತ್ತಿಯ ಕೆಳಗೊಂದು ಕಡುನೆರಳು. ಅದಿಲ್ಲದಿದ್ದರೆ ಅಲೆ ಗೋಡೆಯಾಗಿ ನಿಂತುಬಿಡುತ್ತದೆ.

ನೊರೆ ಬಿಳಿ ಅಲ್ಲ. ಅದರ ಬಹುಪಾಲು ನೆರಳಲ್ಲಿರುವ ನೀಲಿ-ಬೂದು: ಬಿಳಿಗೆ ಅಲ್ಟ್ರಾಮರೀನ್, ತೃಣದಷ್ಟು ಬರ್ನ್ಟ್ ಸಿಯೆನ್ನಾ. ಬಿಸಿಲು ನೇರ ತಾಗಿದ ಎರಡು ಮೂರು ಕಡೆ ಮಾತ್ರ ಓಕರ್ ಸೋಕಿಸಿದ ದಪ್ಪ ಬಿಳಿ. ಅದನ್ನು ನೈಫಿನಲ್ಲಿ ಇಟ್ಟು ಕೈ ತೆಗೆಯಿರಿ. ದಡಕ್ಕೆ ಹರಡಿದ ನೊರೆ ಬಲೆಯಂತೆ ತೂತುತೂತಾಗಿರುತ್ತದೆ. ಹತ್ತಿರದ ಕಣ್ಣುಗಳು ದೊಡ್ಡವು, ದೂರದವು ಬರಿಯ ಗೆರೆ.

ತೊಂಬತ್ತು ನಿಮಿಷದ ಲೆಕ್ಕ

ಬೆಳಕು ಇದಕ್ಕಿಂತ ಹೆಚ್ಚು ಹೊತ್ತು ಕಾಯುವುದಿಲ್ಲ; ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ.

1. ಹತ್ತು ನಿಮಿಷ: ನೋಡುವುದು.
2. ಐದು ನಿಮಿಷ: ಬೆಂಕಿಪೊಟ್ಟಣದಷ್ಟು ಪೆನ್ಸಿಲ್ ಚಿತ್ರ, ಮೂರೇ ಛಾಯೆ. ಆಕಾಶ ತಿಳಿ, ನೀರು ನಡು, ಬಂಡೆ ಗಾಢ. ಬಾನಂಚು ನಟ್ಟನಡುವೆ ಬೇಡ.
3. ಹತ್ತು ನಿಮಿಷ: ಹಲಗೆಯ ಮೇಲೆ ಬರ್ನ್ಟ್ ಸಿಯೆನ್ನಾದಲ್ಲಿ ಗೆರೆ. ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಈಗಲೇ ಗುರುತಿಸಿ, ಆಮೇಲೆ ಬದಲಿಸಬೇಡಿ.
4. ಮೂವತ್ತು ನಿಮಿಷ: ಬಂಡೆಯ ಗಾಢ, ನೀರಿನ ಒಟ್ಟು ಬಣ್ಣ, ಆಕಾಶ. ಕಣ್ಣು ಕಿರಿದು ಮಾಡಿ ನೋಡಿ, ಅಗಲ ಬ್ರಷ್ಷಿನಲ್ಲೇ ಮುಗಿಸಿ.
5. ಇಪ್ಪತ್ತೈದು ನಿಮಿಷ: ಅಲೆ, ನೊರೆಯ ನೆರಳು, ಒದ್ದೆ ಮರಳು. ಒದ್ದೆ ಮರಳು ಒಣ ಮರಳಿಗಿಂತ ಗಾಢ, ಮೇಲೆ ಆಕಾಶದ ಹೊಳಪು.
6. ಹತ್ತು ನಿಮಿಷ: ದಪ್ಪ ಬಿಳಿ, ಒಂದೆರಡು ಚೂಪು ಅಂಚು, ಸಹಿ.

ಅರ್ಧದಲ್ಲಿ ಬೆಳಕು ಬದಲಾದರೆ ಬೆನ್ನಟ್ಟಬೇಡಿ. ಹೊಸ ಹಲಗೆ ತೆಗೆಯಿರಿ.

ಗಾಳಿ, ಉಬ್ಬರ, ಊರಿನವರು

ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹೊತ್ತೇರಿದ ಮೇಲೆ ಕಡಲಗಾಳಿ ಎದ್ದು ಮರಳು ತೂರುತ್ತದೆ. ಟ್ರೈಪಾಡಿನ ನಡುವೆ ಮರಳು ತುಂಬಿದ ಚೀಲ ನೇತುಹಾಕಿ. ಒದ್ದೆ ಬಣ್ಣಕ್ಕೆ ಮರಳು ಅಂಟಿದರೆ ಕೆರೆಯಬೇಡಿ, ಒಣಗಿದ ಮೇಲೆ ಒಣ ಬ್ರಷ್ಷಿನಲ್ಲಿ ಉದುರಿಸಿ. ಉಳಿದದ್ದು ಉಳಿಯಲಿ: ಕ್ಲಾಡ್ ಮೊನೆ 1870ರಲ್ಲಿ ಟ್ರೂವಿಲ್ ದಡದಲ್ಲಿ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರದ ಬಣ್ಣದಲ್ಲೂ ಮರಳಿನ ಕಣಗಳಿವೆ.

ಉಬ್ಬರ-ಇಳಿತದ ನಡುವೆ ಸುಮಾರು ಆರು ಗಂಟೆಯ ಅಂತರ. ದಿನದಿಂದ ದಿನಕ್ಕೆ ಉಬ್ಬರದ ವೇಳೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಏರಿಳಿತ ಹೆಚ್ಚು. ಇಳಿತದಲ್ಲಿ ನಡೆದುಹೋಗಿ ಕೂತ ಬಂಡೆಯ ಸುತ್ತ ಉಬ್ಬರದಲ್ಲಿ ನೀರು ತುಂಬಬಹುದು. ಹೋಗುವ ಮುನ್ನ ವೇಳೆ ನೋಡಿಕೊಳ್ಳಿ, ಪಾಚಿ ಹಸಿರಾದ ಬಂಡೆಯ ಮೇಲೆ ಕೂರಬೇಡಿ, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ.

ದೋಣಿ, ಬಲೆಯ ಹತ್ತಿರ ಕೂರುವುದಾದರೆ "ಅಣ್ಣಾ, ಇಲ್ಲಿ ಕೂತು ಚಿತ್ರ ಬರೀಬಹುದಾ?" ಎಂದು ಕೇಳಿಯೇ ಕೂರಿ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಹೊತ್ತಾದರೆ ಅವರೇ ಜಾಗ ತೋರಿಸುತ್ತಾರೆ. ಉಬ್ಬರ ಎಷ್ಟು ಹೊತ್ತಿಗೆ, ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಅವರೇ ಹೇಳುತ್ತಾರೆ. ಬಣ್ಣದ ಬಟ್ಟೆ, ಖಾಲಿ ಟ್ಯೂಬು ಒಂದನ್ನೂ ಮರಳಿನಲ್ಲಿ ಬಿಟ್ಟುಬರಬೇಡಿ.

ಹಸಿ ಚಿತ್ರ ಮನೆ ಸೇರುವ ಬಗೆ

ತೆಳು ಬಣ್ಣ ಮುಟ್ಟುವಷ್ಟು ಒಣಗಲು ಕೆಲವು ದಿನ ಬೇಕು, ದಪ್ಪ ನೊರೆಗೆ ವಾರಗಳೇ ಬೇಕಾಗಬಹುದು. ಎರಡು ಹಲಗೆಗಳನ್ನು ಮುಖಾಮುಖಿ ಇಟ್ಟು, ನಾಲ್ಕು ಮೂಲೆಗೆ ಬಾಟಲಿ ಬೂಚಿನ ತುಂಡು ಕೊಟ್ಟು, ರಬ್ಬರ್ ಬ್ಯಾಂಡ್ ಬಿಗಿಯಿರಿ. ಆ ಮೂಲೆಗಳಲ್ಲಿ ಬಣ್ಣ ಹಚ್ಚದೆ ಬಿಟ್ಟಿರಿ. ಒಂಟಿ ಹಲಗೆಗೆ ಪಿಜ್ಜಾ ಡಬ್ಬ ಸಾಕು, ಒಳಗೆ ಅಲುಗದಂತೆ ಟೇಪ್ ಹಾಕಿ. ಬರ್ತ್ ಕೆಳಗೆ ಅಡ್ಡಡ್ಡ ಮಲಗಿಸಿ ತನ್ನಿ. ಮನೆಯಲ್ಲಿ ಗಾಳಿ-ಬೆಳಕಿರುವ ಕೋಣೆಯಲ್ಲಿ ಒಣಗಲಿ. ಕತ್ತಲ ಕಪಾಟಿನಲ್ಲಿಟ್ಟರೆ ಎಣ್ಣೆ ಹಳದಿಗಟ್ಟುತ್ತದೆ. ವಾರ್ನಿಷ್ ಆರು ತಿಂಗಳ ನಂತರ.

ಪ್ರತಿ ಹಲಗೆಯ ಹಿಂದೆ ಊರು, ತಾರೀಕು, ಗಂಟೆ, ಉಬ್ಬರವೋ ಇಳಿತವೋ ಬರೆದಿಡಿ. ಮೊದಲ ಸಲಕ್ಕೆ ಒಂದೇ ಊರು, ಒಂದೇ ಬಂಡೆ, ಮೂರು ಹಲಗೆ ಸಾಕು. ಮುಂದಿನ ಸಲವೂ ಅದೇ ಬಂಡೆಗೆ ಹೋಗಿ. ಹೊಸ ಜಾಗಕ್ಕೆ ಹೋದರೆ ಸಿಕ್ಕ ಸಮಯವೆಲ್ಲ ಜಾಗವನ್ನು ಅರಿಯುವುದರಲ್ಲೇ ಕಳೆಯುತ್ತದೆ. ಪರಿಚಯದ ಬಂಡೆಯ ಮುಂದೆ ಕೂತ ಕೂಡಲೇ ಅಲೆಗೆ ಕೈ ಹಚ್ಚಬಹುದು.